ಬಾಗ್ಲಾ ತೆಗೆದ್ರ ಹಿಂದಿನ ಪಾರ್ಕಿಂಗ್ ಲೈಟೂ ಉರೀತಾವ: ಕಾಲ ಕೆಳಗಿನ ಎಲ್‌ಇಡಿ ವಾಯರಿಂಗ್

ತೊಗರಿ_ಕಣಜ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಒಳಗ ಛತ್ತಿನ ಲೈಟ್ ಒಂದೇ ಅದ. ಅದರ ಬೆಳಕು ಸೀಟಿನ ಮ್ಯಾಲೇ ನಿಂತುಬಿಡ್ತದ, ಕೆಳಗ ಕಾಲಿಡೋ ಜಾಗದಾಗ ಕತ್ತಲ. ನಮ್ಮವ್ವಗ ಕಣ್ಣಿನ ಆಪರೇಶನ್ ಆಗ್ಯಾದ, ರಾತ್ರಿ ಗಾಡಿ ಇಳಿಯುವಾಗ ಚಪ್ಪಲಿ ಹುಡುಕೋದೇ ಒಂದು ಕೆಲಸ. ಅದಕ್ಕ ನಾಲ್ಕೂ ಕಡಿ ಕೆಳಗ ಎಲ್‌ಇಡಿ ಪಟ್ಟಿ ಹಚ್ಚಿಸೀನಿ.

ಅಂಗಡಿಯವರಿಗಿ ಎರಡು ಮಾತು ಹೇಳಿದ್ದೆ. ಬಾಗ್ಲಾ ತೆಗೆದ್ರ ಪೂರಾ ಬೆಳಕು ಬರಬೇಕು, ಪಾರ್ಕಿಂಗ್ ಲೈಟ್ ಹಾಕಿ ಓಡಿಸುವಾಗ ಸಣ್ಣಗ ಉರೀಬೇಕು. ಈಗ ಏನಾಗ್ಲಕತ್ಯಾದ ಅಂದ್ರ, ಗಾಡಿ ಬಂದ್ ಇದ್ದು ಚಾವಿ ನನ್ನ ಕೈಯಾಗ ಇದ್ರೂ, ಬಾಗ್ಲಾ ತೆಗೆದ ಕೂಡ್ಲೇ ಪಟ್ಟಿ ಜೊತಿಗಿ ಮೀಟರಿನ ಲೈಟ್, ಹಿಂದಿನ ಎರಡೂ ಪಾರ್ಕಿಂಗ್ ಲೈಟ್, ನಂಬರ್ ಪ್ಲೇಟಿನ ಲೈಟ್ ಎಲ್ಲಾ ಹತ್ತಿಕೊಳ್ತಾವ. ಇನ್ನ ಓಡಿಸುವಾಗ ಸಣ್ಣಗ ಉರಿಯೋ ಮಾತೇ ಇಲ್ಲ, ಪೂರಾ ಝಗಮಗ ಅಂತಾವ, ಮುಂದಿನ ಗ್ಲಾಸಿನ್ಯಾಗ ನನ್ನ ಮೊಣಕಾಲು ನನಗೇ ಕಾಣಿಸ್ತದ. ಅಂಗಡಿಯವರನ್ನ ಕೇಳಿದ್ರ “ಹಳೇ ಗಾಡಿ, ಕಂಪನಿ ವಾಯರಿಂಗೇ ಹಿಂಗ ಇರ್ತದ” ಅಂದ್ರು. ಪಟ್ಟಿ ಹಚ್ಚೋಕಿಂತ ಮೊದ್ಲು ಹಿಂಗ ಇರ್ಲಿಲ್ಲ. ಗೊತ್ತಿದ್ದವರು ಹೇಳ್ರಿ.

ನೌಬಾದ್‌ವಾಲಾ, ಬೀದರ

ಅರೆ ಭಾಯಿ, ಬಾಗ್ಲಾ ತೆಗೆದ್ರ ಇಡೀ ಗಾಡಿ ಸಲಾಂ ಹೊಡಿತದ ಅಂದ್ರ ಖುಶಿ ಪಡ್ರಿ! ಮಸ್ಕಿರಿ ಬಿಡ್ರಿ, ಒಂದು ಹೇಳ್ರಿ. ನಡುವ ರಿಲೇ (ಸಣ್ಣ ಕರೆಂಟಿಲೆ ದೊಡ್ಡ ಕರೆಂಟ್ ಚಾಲೂ ಬಂದ್ ಮಾಡೋ ಸ್ವಿಚ್) ಹಾಕ್ಯಾರೋ, ಸುಮ್ನ ವಾಯರ್ ಸುತ್ತಿ ಬಿಟ್ಟಾರೋ? ಪಟ್ಟಿ ಯಾವ್ದು, ಸಣ್ಣ ಕಾಳಿನದೋ ದೊಡ್ಡ ಕಾಳಿನದೋ?

ತೊಗರಿ_ಕಣಜ, ಕಲಬುರಗಿ

ಸಣ್ಣ ಕಾಳು, ಬೆಚ್ಚಗಿನ ಬಿಳಿ ಬಣ್ಣ. ಒಂದೊಂದು ತುಂಡು ಸುಮಾರು ಒಂದು ಅಡಿ ಉದ್ದ ಅವ. ಬಾಗ್ಲಾ ತೆಗೆದಾಗ ಡ್ಯಾಶ್‌ಬೋರ್ಡಿನ ಕೆಳಗ ಟಕ್ ಅಂತ ಸಪ್ಪಳ ಬರ್ತದ, ಅಂದ್ರ ರಿಲೇ ಅದ ಅಂತ ಕಾಣ್ತದ.

ಶಹಾಪುರ_ಡ್ರೈವರ್, ಯಾದಗಿರಿ

ನಾ ಬಾಡಿಗಿ ಗಾಡಿ ಹೊಡಿತೀನಿ. ಎಲ್ಲಾ ಕಿತ್ತು ಒಗೀರಿ ಅಂತ ನನ್ನ ಸಲಹಾ. ರಾತ್ರಿ ಸಿಂಗಲ್ ರೋಡಿಗಿ ಎದುರಿಂದ ಟ್ರ್ಯಾಕ್ಟರ್ ಬರ್ತದ, ಹಿಂದ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರ್ಯಾಲಿ ನಿಂತಿರ್ತದ. ಅಂಥದ್ರಾಗ ನಮ್ಮ ಕಾಲ ಬುಡಕ್ಕೇ ಬೆಳಕು ಇಟ್ಟುಕೊಂಡ್ರ ದೂರಿಂದು ಕಾಣಂಗಿಲ್ಲ. ಅವ್ವಾರಿಗಿ ಒಂದು ಸಣ್ಣ ಟಾರ್ಚ್ ಕೊಡ್ರಿ, ಮುಗೀತು.

ಮಲ್ಟಿಮೀಟರ್_ಮಾಸ್ತರ, ಕಲಬುರಗಿ

ಗಾಡಿ ಹಳೇದು ಅನ್ನೋದು ನೆಪರಿ. ಇದು ಉಲ್ಟಾ ಕರೆಂಟ್.

ಪಕ್ಕಾ ಮಾಡ್ಕೊಳ್ಳಾಕ ಒಂದು ಪರೀಕ್ಷಾ ಹೇಳ್ತೀನಿ. ಗಾಡಿ ಬಂದ್ ಮಾಡಿ ಬಾಗ್ಲಾ ತೆಗೀರಿ, ಹಿಂದಿನ ಲೈಟ್ ಉರೀಲಕತ್ತಿರ್ತಾವ. ಈಗ ಪಟ್ಟಿಗಿ ಪಾರ್ಕಿಂಗ್ ಲೈಟಿನ ಕಡಿಂದ ಬಂದ ವಾಯರ್ ಒಂದನ್ನೇ ಬಿಚ್ಚಿರಿ. ಹಿಂದಿನ ಲೈಟ್ ಆರಿ, ಪಟ್ಟಿ ಮಾತ್ರ ಉಳೀತು ಅಂದ್ರ ರೋಗ ಸಿಕ್ತು.

ಪಟ್ಟಿಯ ಪ್ಲಸ್ಸಿಗಿ ಎರಡು ಕಡಿಂದ ಕರೆಂಟ್ ತಂದಾರ. ಒಂದು ರಿಲೇದಿಂದ, ಬಾಗ್ಲಾ ತೆಗೆದಾಗ. ಇನ್ನೊಂದು ಪಾರ್ಕಿಂಗ್ ಲೈಟಿನ ವಾಯರಿಂದ. ಎರಡನ್ನೂ ಒಂದೇ ಕಡಿ ಕೂಡಿಸಿ ಟೇಪ್ ಸುತ್ಯಾರ. ಬಾಗ್ಲಾ ತೆಗೆದಾಗ ರಿಲೇದಿಂದ ಬಂದ 12 ವೋಲ್ಟ್ ಪಟ್ಟಿಗಿ ಹೋಗಿ ಸುಮ್ನ ಕೂಡಂಗಿಲ್ಲ. ಆ ಎರಡನೇ ವಾಯರ್ ಹಿಡ್ಕೊಂಡು ಹಿಂದಕ್ಕೂ ನಡೀತದ, ಪಾರ್ಕಿಂಗ್ ಲೈಟಿನ ಇಡೀ ಸರ್ಕ್ಯೂಟ್ ಹೊತ್ತಿಸ್ತದ. ಹಿತ್ತಲ ಬಾಗ್ಲಿಗಿ ಚಿಲಕ ಹಾಕದೇ ಬಿಟ್ಟಂಗ ಆಗ್ಯಾದ.

ಅದಕ್ಕ ಔಷಧ ಡಯೋಡ್. 1ಎನ್4007 ಅಂತ ಕೇಳ್ರಿ, ಒಂದೆರಡು ರೂಪಾಯಿ ಮಾಲು. ಕರಿ ಮೈ, ಒಂದು ತುದಿಗಿ ಬೆಳ್ಳಿ ಗೆರಿ ಇರ್ತದ. ಕರೆಂಟ್ ಗೆರಿ ಇಲ್ಲದ ಕಡಿಂದ ಗೆರಿ ಇದ್ದ ಕಡಿಗಿ ಅಷ್ಟೇ ಹೋಗ್ತದ, ತಿರುಗಿ ಬರಂಗಿಲ್ಲ. ಪಾರ್ಕಿಂಗ್ ಕಡಿಯ ವಾಯರಿಗಿ ಒಂದು, ರಿಲೇ ಕಡಿಯ ವಾಯರಿಗಿ ಒಂದು, ಎರಡರದೂ ಗೆರಿ ಪಟ್ಟಿ ಕಡಿಗಿ ಮುಖ ಮಾಡಿರಬೇಕು. ರಿಲೇ ಕಡಿಯದು ಖರೆ ಅಂದ್ರ ಬೇಕಾಗಿಲ್ಲ, ರಿಲೇ ಆಫ್ ಇದ್ದಾಗ ಅದರ ಪಾಯಿಂಟೇ ತೆರೆದಿರ್ತದ. ಆದ್ರೂ ಹಾಕ್ರಿ. ನಾಳೆ ಯಾರರ ರಿಲೇ ತೆಗೆದು ಬ್ಯಾರೆ ಏನೋ ಹಾಕಿದ್ರ ಕಾಯ್ತದ. 1ಎನ್4007 ತಡಕೊಳ್ಳೋದು 1 ಆಂಪಿಯರ್. ನಿಮ್ಮ ಪಟ್ಟಿಗಿ ಸಾಕು.

ಸಣ್ಣಗ ಉರಿಯಂಗಿಲ್ಲ ಅಂದ್ರಲ್ಲ, ಅದು ಯಾಕಂದ್ರ ಪಾರ್ಕಿಂಗ್ ವಾಯರಿನ ನಡುವ ಕರೆಂಟ್ ಕಡಿಮಿ ಮಾಡೋ ರೆಸಿಸ್ಟರೇ ಹಾಕಿಲ್ಲ. ಹಾಕದೇ ಸಣ್ಣಗ ಉರಿ ಅಂದ್ರ ಯಾಕ ಉರೀತದ?

ತೊಗರಿ_ಕಣಜ, ಕಲಬುರಗಿ

ಮಾಸ್ತರ್ರೆ, ವಾಯರ್ ಬಿಚ್ಚಿ ನೋಡ್ದೆ. ನೀವು ಹೇಳಿದಂಗೇ ಆತು. ಹಿಂದಿನ ಲೈಟ್ ಆರಿದ್ವು, ಪಟ್ಟಿ ಉರೀತು.

ಅದಿರ್ಲಿ, ಒಳಗ ನೋಡಿದ್ದು ಹೇಳ್ತೀನಿ. ಸ್ಟೀರಿಂಗ್ ಕೆಳಗಿನ ಮುಚ್ಚಳ ತೆಗೆದ್ರ ಕಂಪನಿ ವಾಯರಿನ ಸಿಪ್ಪಿ ಬ್ಲೇಡಿಲೆ ಕೆತ್ತಿ, ಅದರ ಮ್ಯಾಲ ತಮ್ಮ ವಾಯರ್ ಸುತ್ತಿ, ಕರಿ ಟೇಪ್ ಹಚ್ಯಾರ. ಆ ಟೇಪಿನ ಅಂಟು ಬಿಸಿಲಿಗಿ ಕರಗಿ ಹೊರಗ ಬಂದಾದ, ಬೆರಳಿಗೆಲ್ಲಾ ಕರ್ರಗ ಮೆತ್ತಿಕೊಳ್ತು. ಟೇಪಿನ ತುದಿ ತಾನೇ ಬಿಚ್ಚಿ ಸುರುಳಿ ಆಗ್ಯಾದ, ಒಳಗಿನ ತಾಮ್ರ ಕಾಣ್ತದ. ರಿಲೇಗಿ ಬಂದ ಕೆಂಪು ವಾಯರಿಗಿ ಫ್ಯೂಸ್ ಎಲ್ಲೂ ಕಾಣ್ಲಿಲ್ಲ.

ನೌಬಾದ್‌ವಾಲಾ, ಬೀದರ

ಫ್ಯೂಸ್ ಇಲ್ಲ? ಯಾ ಖುದಾ. ಮೊದ್ಲು ಆ ಕೆಂಪು ವಾಯರ್ ತೆಗೆದು ಇಡ್ರಿ, ಆಮ್ಯಾಲ ಮಾತಾಡೋಣ.

ಮಲ್ಟಿಮೀಟರ್_ಮಾಸ್ತರ, ಕಲಬುರಗಿ

ಅವರು ಹೇಳಿದ್ದು ಬರೋಬ್ಬರಿ. ಅಂಥ ಕೆಂಪು ವಾಯರ್ ಸ್ಟೀರಿಯೋ ಹಿಂದಿಂದ ತಂದಿರ್ತಾರ, ಇಲ್ಲಂದ್ರ ಸಿಗರೇಟ್ ಸಾಕೆಟ್ಟಿನ ಹಿಂದಿಂದ. ಸಾಕೆಟ್ಟಿಗಿ ಬಹಳ ಗಾಡ್ಯಾಗ 15 ಆಂಪಿಯರ್ ನೀಲಿ ಫ್ಯೂಸ್ ಇರ್ತದ. ನಿಮ್ಮ ಪಟ್ಟಿ ವಾಯರ್ ಕೂದಲಿನಷ್ಟು ಸಣ್ಣದು. ಎಲ್ಲ್ಯಾರ ಗಾಡಿಯ ಲೋಹದ ಬಾಡಿಗಿ ತಾಗಿ ಶಾರ್ಟ್ ಆತು ಅಂದ್ರ 15 ಆಂಪಿಯರ್ ಫ್ಯೂಸ್ ಹೋಗೋಕಿಂತ ಮೊದ್ಲು ವಾಯರ್ ಕೆಂಪಗಾಗಿ ಸಿಪ್ಪಿ ಸುಡ್ತದ. ಕೆಳಗ ಕಾರ್ಪೆಟ್ ಇರ್ತದ, ಗೊತ್ತಿರ್ಲಿ. ಫ್ಯೂಸ್ ಇರೋದು ವಾಯರ್ ಕಾಯಾಕ. ಲೈಟ್ ಕಾಯೋದು ಅದರ ಕೆಲಸ ಅಲ್ಲ.

ಲೆಕ್ಕ ಹಿಂಗ ಅದ. ಸಣ್ಣ ಕಾಳಿನ 3528 ಪಟ್ಟಿ, ಮೀಟರಿಗಿ 60 ಕಾಳು ಇದ್ದದ್ದು, ಮೀಟರಿಗಿ 4.8 ವ್ಯಾಟ್ ತಿಂತದ. 30 ಸೆಂಟಿಮೀಟರ್ ತುಂಡು ಒಂದೂವರಿ ವ್ಯಾಟಿನ ಒಳಗ. ನಾಲ್ಕೂ ಕೂಡಿ 12 ವೋಲ್ಟಿಗಿ ಅರ್ಧ ಆಂಪಿಯರ್ ಆಗಂಗಿಲ್ಲ. ಅದೇ ದೊಡ್ಡ ಕಾಳಿನ 5050 ಪಟ್ಟಿ ಆದ್ರ ಮೀಟರಿಗಿ 14.4 ವ್ಯಾಟ್, ನಾಲ್ಕು ತುಂಡಿಗಿ ಒಂದೂವರಿ ಆಂಪಿಯರ್ ಹತ್ರ ಹೋಗ್ತದ. ಅದಕ್ಕ 1ಎನ್4007 ಸಾಲಂಗಿಲ್ಲ, 3 ಆಂಪಿಯರಿನ 1ಎನ್5408 ಬೇಕು. ನಿಮ್ಮದಕ್ಕ 2 ಆಂಪಿಯರ್ ಬೂದಿ ಬಣ್ಣದ ಫ್ಯೂಸ್ ಹಾಕ್ರಿ, ಇಲ್ಲಂದ್ರ 3ರ ನೇರಳೆ ಫ್ಯೂಸ್. ಅದರ ಮ್ಯಾಲ ಹೋಗಬ್ಯಾಡ್ರಿ.

ಹುಮನಾಬಾದ್_65

ಸರ್, ಫ್ಯೂಸ್ ಬಾಕ್ಸಿನಾಗೇ ಸಿಗಿಸೋ ಟ್ಯಾಪ್ ಸಿಗ್ತದಲ್ಲ, ಒಂದು ಫ್ಯೂಸಿನ ಜಾಗದಾಗ ಎರಡು ಫ್ಯೂಸ್ ಕೂಡೋದು, ಅದು ಛಲೋ ಅದೇನು? ವಾಯರ್ ಕೆತ್ತೋದು ತಪ್ತದ.

ಮಲ್ಟಿಮೀಟರ್_ಮಾಸ್ತರ, ಕಲಬುರಗಿ

ಅದೇ ಎಲ್ಲಾದ್ರಕಿಂತ ಛಲೋ. ಕಂಪನಿ ವಾಯರ್ ಮುಟ್ಟೋದಿಲ್ಲ, ವಾರಂಟಿ ಇದ್ದ ಗಾಡಿ ಆದ್ರ ಸರ್ವಿಸಿಗಿ ಕೊಡೋಕಿಂತ ಮೊದ್ಲು ಕಿತ್ತು ಮನ್ಯಾಗ ಇಡಬಹುದು. ತಗೊಳ್ಳುವಾಗ ನಿಮ್ಮ ಫ್ಯೂಸ್ ಕೈಯಾಗ ಹಿಡ್ಕೊಂಡು ಹೋಗ್ರಿ, ಮಿನಿ ಬ್ಯಾರೆ, ಗಿಡ್ಡ ಕಾಲಿನ ಲೋ ಪ್ರೊಫೈಲ್ ಬ್ಯಾರೆ, ಮೈಕ್ರೊ ಬ್ಯಾರೆ. ಸೈಜ್ ತಪ್ಪಿ ಒತ್ತಿ ತುರುಕಿದ್ರ ಫ್ಯೂಸ್ ಬಾಕ್ಸಿನ ಹಲ್ಲು ಸಡ್ಲಾಗ್ತಾವ. ಆಮ್ಯಾಲ ಅಲ್ಲಿ ಬಿಸಿ ಹುಟ್ತದ.

ಟ್ಯಾಪ್ ಹಾಕಾಕ ದಿಕ್ಕು ಅದ. ಬಹಳ ಮಂದಿಗಿ ಇದು ಗೊತ್ತಿಲ್ಲ, ಹೆಂಗ ಕೂಡ್ತದೋ ಹಂಗ ಒತ್ತಿಬಿಡ್ತಾರ. ಹಳೇ ಫ್ಯೂಸ್ ಕೀಳ್ರಿ. ಎರಡು ಸಂದಿ ಕಾಣ್ತಾವ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗಿ ಇಟ್ಟು, ಕರಿ ಕಡ್ಡಿ ಬಾಡಿಗಿ ಹಚ್ಚಿ, ಕೆಂಪು ಕಡ್ಡಿ ಒಂದೊಂದು ಸಂದಿಗಿ ತಾಗಿಸ್ರಿ. ಯಾವ ಸಂದಿಗಿ 12 ವೋಲ್ಟ್ ತೋರಿಸ್ತದೋ ಅದು ಬ್ಯಾಟ್ರಿ ಕಡಿ. ಟ್ಯಾಪಿನ ಎರಡೂ ಫ್ಯೂಸಿಗಿ ಕೂಡೇ ಕರೆಂಟ್ ಕೊಡೋ ಕಾಲು ಒಂದು ಇರ್ತದ, ಅದು ಬ್ಯಾಟ್ರಿ ಕಡಿ ಸಂದ್ಯಾಗ ಕೂಡಬೇಕು. ಉಲ್ಟಾ ಹಾಕಿದ್ರೂ ಲೈಟ್ ಉರೀತದ, ಅದೇ ಮೋಸ. ಆದ್ರ ನಿಮ್ಮ ಪಟ್ಟಿಯ ಕರೆಂಟ್ ಹಳೇ ಫ್ಯೂಸಿನ ಒಳಗಿಂದ ಹಾದು ಬರ್ತದ, ಆ ಫ್ಯೂಸಿನ ಮ್ಯಾಲ ಎರಡು ಹೊರೆ ಬೀಳ್ತಾವ.

ಬೀದರಿ_ಬೆಂಗಳೂರಲ್ಲಿ

ಮಾಸ್ತರರು ಹೇಳಿದ್ದೆಲ್ಲ ಸರಿ, ಒಂದೇ ಒಂದು ತಕರಾರು ನನ್ನದು. ಅರ್ಧ ಆಂಪಿಯರಿಗೆ ರಿಲೇ ಯಾಕೆ? ಹಳೇ ಕಾರುಗಳ ಛಾವಣಿ ದೀಪದಲ್ಲಿ 10 ವ್ಯಾಟ್ ಬಲ್ಬ್ ಇರುತ್ತೆ, ಅದೇ 0.8 ಆಂಪಿಯರ್ ಎಳೆಯುತ್ತೆ. ಆ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿ, ಉಳಿದ ಕರೆಂಟಿನಲ್ಲಿ ಕಾಲಡಿಯ ಪಟ್ಟಿಗಳನ್ನು ಅದೇ ದೀಪಕ್ಕೆ ಸಮಾನಾಂತರವಾಗಿ ಜೋಡಿಸಿದರೆ ಆಯ್ತು. ಬಾಗಿಲು ತೆಗೆದರೆ ಎರಡೂ ಹತ್ತುತ್ತವೆ, ಮುಚ್ಚಿದರೆ ಎರಡೂ ಆರುತ್ತವೆ.

ಹೊಸ ಕಾರುಗಳಲ್ಲಂತೂ ರಿಲೇ ಹಾಕಲೇಬಾರದು. ಬಾಗಿಲು ಮುಚ್ಚಿದ ಮೇಲೆ ಛಾವಣಿ ದೀಪ ಮೆಲ್ಲಗೆ ಆರುತ್ತಲ್ಲ, ಅಲ್ಲಿ ಬಾಡಿ ಕಂಟ್ರೋಲ್ ಮಾಡ್ಯೂಲ್ (ಕಾರಿನ ದೀಪ, ಬಾಗಿಲು ನೋಡಿಕೊಳ್ಳುವ ಕಂಪ್ಯೂಟರ್ ಡಬ್ಬಿ) ಆ ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಹತ್ತಿಸಿ ಆರಿಸಿ ಬೆಳಕು ಇಳಿಸುತ್ತೆ. ಕಣ್ಣಿಗೆ ಗೊತ್ತಾಗಲ್ಲ, ಆದರೆ ರಿಲೇ ಆ ಹೊಡೆತಕ್ಕೆ ಗುರ್ ಎನ್ನುತ್ತೆ, ಕೆಲವೇ ದಿನಕ್ಕೆ ಪಾಯಿಂಟ್ ಸುಟ್ಟುಕೊಳ್ಳುತ್ತೆ. ಎಲ್‌ಇಡಿ ಪಟ್ಟಿಯನ್ನು ನೇರವಾಗಿ ಕೊಟ್ಟರೆ ಅದೂ ಛಾವಣಿ ದೀಪದ ಜೊತೆಗೇ ಮೆಲ್ಲಗೆ ಆರುತ್ತೆ, ನೋಡಲು ಚೆಂದ. ಬಾಗಿಲು ಅರೆಬರೆ ಮುಚ್ಚಿ ಬಿಟ್ಟುಹೋದರೆ ಸ್ವಲ್ಪ ಹೊತ್ತಿನ ಮೇಲೆ ದೀಪ ಕತ್ತರಿಸುವ ಮಾಡ್ಯೂಲ್‌ಗಳೂ ಇವೆ, ಪಟ್ಟಿಗೂ ಆ ಲಾಭ ಸಿಗುತ್ತೆ.

ಮಲ್ಟಿಮೀಟರ್_ಮಾಸ್ತರ, ಕಲಬುರಗಿ

ಒಪ್ಪಿದೆ. ಬಾಗ್ಲಾ ಒಂದಕ್ಕೇ ಹಚ್ಚೋದು ಇದ್ರ ರಿಲೇ ದಂಡ. ಆದ್ರ ಇವರಿಗಿ ಪಾರ್ಕಿಂಗ್ ಜೊತಿಗೂ ಬೇಕು, ಅಲ್ಲೇ ಗಂಟು ಬಿದ್ದಾದ.

ಬಾಗ್ಲಿನ ಸ್ವಿಚ್ ನಮ್ಮ ಕಡಿ ಓಡಾಡೋ ಬಹಳ ಗಾಡ್ಯಾಗ ಮೈನಸ್ ಕೊಡ್ತದ. ಛತ್ತಿನ ಲೈಟಿಗಿ ಪ್ಲಸ್ ಯಾವಾಗ್ಲೂ ಇರ್ತದ, ಬಾಗ್ಲಾ ತೆಗೆದಾಗ ಸ್ವಿಚ್ ಅರ್ತ್ ಮಾಡ್ತದ, ಲೈಟ್ ಹತ್ತುತ್ತದ. ಪಾರ್ಕಿಂಗ್ ಕಡಿಂದ ಬರೋದು ಪ್ಲಸ್. ಒಂದು ಮೈನಸ್ ಆಟ, ಇನ್ನೊಂದು ಪ್ಲಸ್ ಆಟ. ಪಟ್ಟಿಯ ಮೈನಸ್ ಬಾಗ್ಲಿನ ಸ್ವಿಚ್ಚಿಗಿ ಕಟ್ಟಿದ್ರ, ಓಡಿಸುವಾಗ ಬಾಗ್ಲಾ ಮುಚ್ಚಿರ್ತದ, ಅರ್ತೇ ಇರಂಗಿಲ್ಲ, ಪಾರ್ಕಿಂಗ್ ಪ್ಲಸ್ ಬಂದ್ರೂ ಉಪಯೋಗಿಲ್ಲ. ಅದಕ್ಕ ಪಟ್ಟಿಯ ಮೈನಸ್ ಬಾಡಿಗಿ ಕಾಯಂ ಹಚ್ಚಿ, ಬಾಗ್ಲಿನ ಮೈನಸ್ಸಿಲೆ ರಿಲೇ ಎಳಿಸಿ ಪ್ಲಸ್ ಹುಟ್ಟಿಸಬೇಕಾಗ್ತದ. ರಿಲೇದ ಕಾಲಿಗಿ ನಂಬರ್ ಇರ್ತಾವ: 30 ಮತ್ತ 86 ಎರಡಕ್ಕೂ ಫ್ಯೂಸ್ ಆಗಿ ಬಂದ ಕಾಯಂ ಪ್ಲಸ್, 85 ಬಾಗ್ಲಿನ ಸ್ವಿಚ್ಚಿನ ವಾಯರಿಗಿ, 87 ಡಯೋಡ್ ದಾಟಿ ಪಟ್ಟಿಗಿ. ರಿಲೇದ ಕಾಯಿಲ್, ಅಂದ್ರ ಒಳಗಿನ ತಂತಿ ಸುರುಳಿ, ತಿನ್ನೋದು ಅಂದಾಜು 150 ಮಿಲಿಆಂಪಿಯರ್, ಸ್ವಿಚ್ಚಿಗಿ ಅದೇನ್ ಹೊರೆ ಅಲ್ಲ. ಕಾಯಿಲಿನ ಎರಡು ಕಾಲಿಗಿ ಅಡ್ಡ ಇನ್ನೊಂದು ಡಯೋಡ್ ಹಾಕ್ರಿ, ಗೆರಿ 86ರ ಕಡಿ. ರಿಲೇ ಬಿಡುವಾಗ ಕಾಯಿಲ್ ಒಂದು ಏಟು ಹೊಡಿತದ, ಅದು ಅಲ್ಲೇ ಸಾಯ್ತದ.

2014ರ ಇವರ ಗಾಡಿಯ ಛತ್ತಿನ ಲೈಟ್ ಮೆಲ್ಲಗ ಆರ್ತದೋ, ಪಟ್ ಅಂತ ಆರ್ತದೋ, ಅದು ಹೇಳ್ರಿ ಮೊದ್ಲು.

ತೊಗರಿ_ಕಣಜ, ಕಲಬುರಗಿ

ಪಟ್ ಅಂತ ಆರ್ತದ್ರಿ.

ಮಲ್ಟಿಮೀಟರ್_ಮಾಸ್ತರ, ಕಲಬುರಗಿ

ಹಂಗಿದ್ರ ರಿಲೇ ಇರ್ಲಿ, ಹೆದರಬ್ಯಾಡ್ರಿ. ಬಾಗ್ಲಿನ ವಾಯರ್ ಮೈನಸ್ಸೇ ಹೌದೇನು ಅಂತ ಒಮ್ಮೆ ನೋಡ್ಕೊಳ್ರಿ. ಕರಿ ಕಡ್ಡಿ ಬಾಡಿಗಿ, ಕೆಂಪು ಕಡ್ಡಿ ಆ ವಾಯರಿಗಿ. ಬಾಗ್ಲಾ ಮುಚ್ಚಿದಾಗ 12 ಹತ್ರ ತೋರಿಸಿ, ತೆಗೆದಾಗ ಸೊನ್ನೆಗಿ ಬಿದ್ರ ಮೈನಸ್. ಛತ್ತಿನ ಲೈಟಿನ ಬಟನ್ ‘ಡೋರ್’ ಕಡಿ ಇರಬೇಕು, ಇಲ್ಲಂದ್ರ ಮೀಟರ್ ಸುಳ್ಳು ಹೇಳ್ತದ.

ಸೇಡಂ_ಫರ್ಸಿ

ಅಂಟಿನ ಮಾತು ಯಾರೂ ಎತ್ತಿಲ್ಲ. ನಮ್ಮ ಕಡಿ ಏಪ್ರಿಲ್ ಮೇದಾಗ ಹೊರಗೇ 42, 43 ಡಿಗ್ರಿ. ಬಿಸಿಲಿಗಿ ನಿಂತ ಗಾಡಿ ಒಳಗ 60 ದಾಟ್ತದ. ಪಟ್ಟಿ ಹಿಂದಿನ ಅಂಟು ಟೇಪ್ ಮೆತ್ತಗಾಗಿ ಪಟ್ಟಿ ಜೋತು ಬೀಳ್ತದ. ಮ್ಯಾಲ ಫರ್ಸಿ ಧೂಳು, ಸಿಮೆಂಟ್ ಧೂಳು. ಧೂಳಿನ ಮ್ಯಾಲ ಅಂಟು ಹಚ್ಚಿದ್ರ ಅಂಟು ಧೂಳಿಗಿ ಹತ್ತುತ್ತದ, ಪ್ಲಾಸ್ಟಿಕ್ಕಿಗಿ ಹತ್ತಂಗಿಲ್ಲ. ನಾ ಸ್ಪಿರಿಟಿಲೆ ಒರೆಸಿ, ಪಟ್ಟಿ ಸಣ್ಣ ಅಲ್ಯುಮಿನಿಯಂ ಚಾನಲ್ಲಿನಾಗ ಕೂಡ್ಸಿ, ಚಾನಲ್ಲಿಗಿ ತೂತು ಹೊಡೆದು ಕೇಬಲ್ ಟೈ ಕಟ್ಟೀನಿ. ಬಿಸಿನೂ ಚಾನಲ್ಲಿಗಿ ಹೋಗ್ತದ.

ಬೀದರಿ_ಬೆಂಗಳೂರಲ್ಲಿ

ಬಿಸಿಯ ಮಾತು ಬಂತು, ಅದಕ್ಕೊಂದು ಸೇರಿಸುತ್ತೇನೆ. 12 ವೋಲ್ಟ್ ಪಟ್ಟಿ ಅಂತ ಮಾರುತ್ತಾರೆ, ಆದರೆ ಇಂಜಿನ್ ಚಾಲೂ ಇದ್ದಾಗ ಕಾರಿನಲ್ಲಿ 13.8ರಿಂದ 14.4 ವೋಲ್ಟ್ ಇರುತ್ತೆ. ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿ ಒಂದು ಸಾಲು, ಅದಕ್ಕೇ ಮೂರರ ಲೆಕ್ಕದಲ್ಲೇ ಕತ್ತರಿಸೋದು. ಬಿಳಿ ಎಲ್‌ಇಡಿ ಮೂರು ಸೇರಿ ಸುಮಾರು 9 ವೋಲ್ಟ್ ತಗೊಂಡು, ಉಳಿದದ್ದು ಪಟ್ಟಿಯೊಳಗಿನ ಪುಟ್ಟ ರೆಸಿಸ್ಟರ್ ಮೇಲೆ ಬೀಳುತ್ತೆ. 12ಕ್ಕೆ ಅಲ್ಲಿ 3 ವೋಲ್ಟ್ ಬೀಳುತ್ತಿದ್ದರೆ 14.4ಕ್ಕೆ 5ರ ಮೇಲೆ. ಕರೆಂಟ್ ಹತ್ತಿರ ಹತ್ತಿರ ಒಂದೂಮುಕ್ಕಾಲು ಪಟ್ಟು. ಓಡಿಸುವಾಗ ಗಂಟೆಗಟ್ಟಲೆ ಪೂರ್ತಿ ಬೆಳಕಿನಲ್ಲಿ ಇಟ್ಟರೆ ಪಟ್ಟಿ ಬೇಗ ಕಪ್ಪಾಗೋದು ಇದಕ್ಕೇ. ಮಂದ ಮಾಡಿದರೆ ಕಣ್ಣಿಗೂ ಹಿತ, ಪಟ್ಟಿಗೂ ಆಯುಷ್ಯ.

ಜಗತ್_ಸರ್ಕಲ್_ಅಕ್ಕ, ಕಲಬುರಗಿ

ನನಗ ವಾಯರಿಂಗ್ ಬರಂಗಿಲ್ಲ, ಆದ್ರ ಓಡಿಸ್ತೀನಿ. ನಮ್ಮ ಗಾಡಿಗೂ ಹಿಂಗೇ ಹಚ್ಚಿಸಿದ್ವಿ. ಕ್ಲಚ್ ಒತ್ತಿದಾಗ ಪಾದದ ಮ್ಯಾಲ ಏನೋ ತಾಗಿದಂಗ ಆಗ್ತಿತ್ತು, ಬಗ್ಗಿ ನೋಡಿದ್ರ ವಾಯರ್ ಕುಣಿಕಿ ಆಗಿ ಪೆಡಲ್ ಹಿಂದ ಜೋತು ಬಿದ್ದಿತ್ತು. ಚಪ್ಪಲಿ ಅದರಾಗ ಸಿಕ್ಕಿದ್ರ? ಡ್ರೈವರ್ ಕಡಿ ಕೆಲಸ ಮುಗಿದ ಮ್ಯಾಲ ಮೂರೂ ಪೆಡಲ್ ಪೂರಾ ಒತ್ತಿ, ಸ್ಟೀರಿಂಗ್ ಎರಡೂ ಕಡಿ ಪೂರಾ ತಿರುಗಿಸಿ ನೋಡ್ರಿ, ಕೂತು ಅಲ್ಲ, ಕೆಳಗ ಬಗ್ಗಿ ಟಾರ್ಚ್ ಹಿಡಿದು.

ಮಲ್ಟಿಮೀಟರ್_ಮಾಸ್ತರ, ಕಲಬುರಗಿ

ಅಕ್ಕಾರ ಮಾತು ನಾ ಮೊದ್ಲೇ ಬರೀಬೇಕಿತ್ತು, ಇಷ್ಟು ಲೆಕ್ಕಕಿಂತ ಅದು ದೊಡ್ಡದು. ಸ್ಟೀರಿಂಗಿನ ರಾಡ್ ಅಲ್ಲೇ ಕೆಳಗ ತಿರುಗ್ತಿರ್ತದ, ಅದರ ಹತ್ರ ಸಡ್ಲ ವಾಯರ್ ಇರಲೇಬಾರದು. ಇನ್ನೊಂದು, ಹಳದಿ ಪೈಪಿನಾಗ ಇದ್ದ ವಾಯರ್, ಹಳದಿ ಕನೆಕ್ಟರ್ ಕಂಡ್ರ ಅದು ಏರ್‌ಬ್ಯಾಗಿನದು. ಟ್ಯಾಪ್ ಮಾಡೋದು ದೂರ, ಮೀಟರಿನ ಕಡ್ಡಿನೂ ಹಚ್ಚಬ್ಯಾಡ್ರಿ. ಬಲ್ಬ್ ಇರೋ ಟೆಸ್ಟರ್ ಹಿಡ್ಕೊಂಡು ಸಿಕ್ಕ ಸಿಕ್ಕ ವಾಯರ್ ಚುಚ್ಚೋ ಚಟ ಇದ್ದವರು ಡ್ಯಾಶ್‌ಬೋರ್ಡಿನ ಕೆಳಗ ಕೈ ಹಾಕದಿದ್ರೇ ಪುಣ್ಯ.

ನೌಬಾದ್‌ವಾಲಾ, ಬೀದರ

ನೀವೆಲ್ಲಾ ಡಯೋಡ್ ರೆಸಿಸ್ಟರ್ ಅಂತ ಕೂತೀರಿ. ಮೊಬೈಲಿನ್ಯಾಗ ಬಣ್ಣ ಬದಲ್ಸೋ ಕಿಟ್ ಸಿಗ್ತದ, ಸಿಗರೇಟ್ ಸಾಕೆಟ್ಟಿಗಿ ಚುಚ್ಚಿದ್ರ ಆತು. ಹಾಡಿಗಿ ತಕ್ಕಂಗ ಕುಣಿತದ. ನಮ್ಮ ಗಲ್ಲ್ಯಾಗ ಎಲ್ಲಾ ಹುಡುಗರ ಗಾಡಿಗಿ ಅದೇ.

ಶಹಾಪುರ_ಡ್ರೈವರ್, ಯಾದಗಿರಿ

ಗಾಡಿ ಒಳಗ ನೀಲಿ ಕೆಂಪು ಮಿಣುಕು ಹಾಕ್ಕೊಂಡು ಹೋಗ್ರಿ, ನಾಕಾಬಂದಿಗಿ ನಿಮ್ಮನ್ನೇ ಮೊದ್ಲು ನಿಲ್ಲಿಸ್ತಾರ. ಮಂತ್ರಿಗಳ ಗಾಡಿ ಮ್ಯಾಲಿನ ಕೆಂಪು ದೀಪನೇ 2017ರ ಮೇ 1ರಿಂದ ತೆಗೆಸ್ಯಾರ. ನೀಲಿ ಬೆಳಕಿನಾಗ ಕೂತು ಹೊರಗ ಕತ್ತಲದಾಗ ನೋಡ್ರಿ, ಏನೂ ಕಾಣಂಗಿಲ್ಲ. ಕಣ್ಣು ಕತ್ತಲಿಗಿ ಪೂರಾ ಹೊಂದಬೇಕಂದ್ರ 20–30 ನಿಮಿಷ ಬೇಕು, ಕೆಡಲಿಕ್ಕ ಒಂದು ಗಳಿಗಿ ಸಾಕು. ಹಚ್ಚಲೇಬೇಕಂದ್ರ ಹಳದಿ, ಇಲ್ಲಂದ್ರ ಕೆಂಪುಗಟ್ಟಿದ ಹಳದಿ, ಅದೂ ಸಣ್ಣಗ.

ಬೀದರಿ_ಬೆಂಗಳೂರಲ್ಲಿ

ಮೊಬೈಲ್ ಕಿಟ್‌ನ ಇನ್ನೊಂದು ಗುಣ. ದೀಪ ಆರಿದ್ದರೂ ಅದರ ಡಬ್ಬಿ ಮೊಬೈಲಿನ ಕರೆಗಾಗಿ ಎಚ್ಚರವಾಗೇ ಇರುತ್ತೆ. ಕಾಯಂ ಪ್ಲಸ್‌ಗೆ ಕಟ್ಟಿದ ಡಬ್ಬಿ 30 ಮಿಲಿಆಂಪಿಯರ್ ತಿನ್ನುತ್ತೆ ಅಂತಿಟ್ಟುಕೊಳ್ಳಿ, ದಿನಕ್ಕೆ 0.72 ಆಂಪಿಯರ್ ಅವರ್. ಎರಡು ವಾರ ಕಾರು ನಿಂತರೆ 10 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅದು ಕಾಲುಭಾಗಕ್ಕಿಂತ ಜಾಸ್ತಿ, ಕಾರಿನ ಸ್ವಂತ ಖರ್ಚು ಬೇರೆ. ಸಾಕೆಟ್ಟಿಗೆ ಚುಚ್ಚುವುದಾದರೆ ಚಾವಿ ತೆಗೆದಾಗ ಆ ಸಾಕೆಟ್ ಸಾಯುತ್ತಾ ಅಂತ ನೋಡಿಕೊಳ್ಳಿ.

ಮೂಲ ಪ್ರಶ್ನೆಯ ಉಲ್ಟಾ ಕರೆಂಟೂ ಇದೇ ಲೆಕ್ಕಕ್ಕೆ ಬರುತ್ತೆ. ಪಾರ್ಕಿಂಗ್ ದೀಪ ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟ್ ಒಂದು, ತಲಾ 5 ವ್ಯಾಟ್ ಹಿಡಿದರೂ 25 ವ್ಯಾಟ್, ಅಂದರೆ 2 ಆಂಪಿಯರ್. ಪಟ್ಟಿ ಸೇರಿ ಎರಡೂವರೆ. ಬಾಗಿಲು ಸರಿಯಾಗಿ ಮುಚ್ಚದೆ ರಾತ್ರಿಯಿಡೀ 10 ಗಂಟೆ ಕಾಲ ಬಿಟ್ಟರೆ 25 ಆಂಪಿಯರ್ ಅವರ್ ಹೋಯ್ತು. ಬೆಳಿಗ್ಗೆ ತಳ್ಳಬೇಕು.

ನೌಬಾದ್‌ವಾಲಾ, ಬೀದರ

ಓಹೋ, ನಮ್ಮ ತಮ್ಮನ ಗಾಡಿ ಸೋಮವಾರಕ್ಕೊಮ್ಮೆ ಯಾಕ ಸ್ಟಾರ್ಟ್ ಆಗಂಗಿಲ್ಲ ಅಂತ ಈಗ ತಿಳೀತು. ಬ್ಯಾಟ್ರಿ ಬದಲ್ಸಾಕ ಹೊಂಟಿದ್ದ.

ಹುಮನಾಬಾದ್_65

ಇಲಿ ಬಗ್ಗೆ ಏನರ ಹೇಳ್ರಿ. ತೊಗರಿ ರಾಶಿ ಟೈಮಿಗಿ, ಡಿಸೆಂಬರ್ ಜನವರಿದಾಗ, ಹೊಲದ ಮನಿ ಮುಂದ ಗಾಡಿ ನಿಂದ್ರಿಸಿದ್ರ ಇಲಿ ಒಳಗ ಸೇರ್ತಾವ. ಹೊಸ ವಾಯರ್ ಕಂಡ್ರ ಅವಕ್ಕ ಹಬ್ಬ.

ಸೇಡಂ_ಫರ್ಸಿ

ಬಾಗ್ಲಿನ ಹೊಸ್ತಿಲ ಪ್ಲಾಸ್ಟಿಕ್ ಒತ್ತಿ ಎತ್ತಿದ್ರ ಕೆಳಗ ಕಂಪನಿ ವಾಯರಿನ ಕಟ್ಟು ಹೋಗಿರ್ತದ, ಅದರ ಬಾಜೂಕ ಹಾಯಿಸ್ರಿ. ಗೆರಿ ಗೆರಿ ಇರೋ ಕರಿ ಫ್ಲೆಕ್ಸಿಬಲ್ ಪೈಪ್ ಸಿಗ್ತದ, ವಾಯರ್ ಅದರೊಳಗ ಹಾಕ್ರಿ. ಇಲಿ ಪೂರಾ ತಡೀತದ ಅಂತ ಹೇಳಂಗಿಲ್ಲ, ಬರೇ ವಾಯರಿಗಿಂತ ಛಲೋ. ಗಾಡ್ಯಾಗ ಶೇಂಗಾ, ಪುಟಾಣಿ ಚೆಲ್ಲಬ್ಯಾಡ್ರಿ, ಅರ್ಧ ಕೆಲಸ ಅಲ್ಲೇ ಆಗ್ತದ. ಕರಿ ಪಿವಿಸಿ ಟೇಪ್ ಬ್ಯಾಡ, ವಾಯರಿಂಗಿನ ಬಟ್ಟಿ ಟೇಪ್ ತಗೊಳ್ರಿ, ಅದು ಬಿಸಿಲಿಗಿ ಕರಗಂಗಿಲ್ಲ.

ತೊಗರಿ_ಕಣಜ, ಕಲಬುರಗಿ

ಎಲ್ಲಾ ಕೆತ್ತಿದ ಜಾಗ ಬೆಸುಗಿ ಹಾಕ್ಸಿ, ಬಿಸಿ ಮಾಡಿದ್ರ ಬಿಗಿ ಆಗೋ ಶ್ರಿಂಕ್ ಪೈಪ್ ಏರಿಸೀನಿ. ಫ್ಯೂಸ್ ಟ್ಯಾಪಿನಾಗ 2 ಆಂಪಿಯರ್ ಹಾಕೀನಿ, ಡಯೋಡ್ ಎರಡೂ ಕೂತಾವ. ಪಿಡಿಎ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟ್ ಸಾಮಾನು ಒಯ್ಯೋ ಅಂಗಡ್ಯಾಗ ಡಯೋಡ್ ಸಿಕ್ವು. ಬಾಗ್ಲಾ ತೆಗೆದ್ರ ಈಗ ಪಟ್ಟಿ ಒಂದೇ ಉರೀತದ, ಹಿಂದ ಕತ್ತಲ. ಪಾರ್ಕಿಂಗ್ ವಾಯರಿಗಿ ರೆಸಿಸ್ಟರ್ ಎಷ್ಟರದು ಹಾಕ್ಲಿ ಸರ್? ಅಂಗಡಿಯವ 10 ಓಮಿನದು ಕೊಟ್ಟಾನ, ಹಾಕಿದ್ರ ಬೆಳಕು ಕಡಿಮಿ ಆದಂಗೇ ಕಾಣ್ತಿಲ್ಲ.

ಮಲ್ಟಿಮೀಟರ್_ಮಾಸ್ತರ, ಕಲಬುರಗಿ

10 ಓಮ್ ಕಡಿಮಿ ಆತು. ಕಣ್ಣಿಗಿ ಅರ್ಧ ಬೆಳಕೂ ಪೂರಾ ಬೆಳಕಿನಂಗೇ ಕಾಣ್ತದ. ಸಣ್ಣಗ ಅನ್ನಿಸಬೇಕಂದ್ರ ಕರೆಂಟ್ ಹತ್ತರಾಗ ಒಂದು ಪಾಲಿಗಿ ಇಳೀಬೇಕು. ನಿಮ್ಮ ನಾಲ್ಕು ತುಂಡಿಗಿ ಅಂದ್ರ 50 ಮಿಲಿಆಂಪಿಯರ್ ಹತ್ರ. ಓಡುವಾಗ 13.8 ವೋಲ್ಟ್, ಡಯೋಡ್ 0.7 ನುಂಗ್ತದ, ಉಳೀತು 13.1. ಅಷ್ಟು ಕಡಿಮಿ ಕರೆಂಟಿಗಿ ಪಟ್ಟಿ ಸುಮಾರು 8.7 ವೋಲ್ಟ್ ಹಿಡೀತದ. ಉಳಿದ 4.4 ವೋಲ್ಟ್ ರೆಸಿಸ್ಟರ್ ಮ್ಯಾಲ ಬೀಳಬೇಕು. 4.4 ಭಾಗಿಸು 0.05, ಬಂತು 88. ಅಂಗಡ್ಯಾಗ 82 ಓಮ್ ಸಿಗ್ತದ, ಅದೇ ತಗೊಳ್ರಿ. ಬಿಸಿ ಕಾಲು ವ್ಯಾಟ್ ಹುಟ್ತದ, ಅದಕ್ಕ 1 ವ್ಯಾಟಿನ ರೆಸಿಸ್ಟರ್ ಕೇಳ್ರಿ. ಶ್ರಿಂಕ್ ಪೈಪಿನಾಗ ಬಿಗಿಯಾಗಿ ಮುಚ್ಚಿ ಕಾರ್ಪೆಟ್ಟಿಗಿ ಒತ್ತಿ ಇಡಬ್ಯಾಡ್ರಿ, ಗಾಳಿ ಆಡೋ ಕಡಿ ಕಟ್ರಿ.

ಪಟ್ಟಿ ಕೂಡ್ಸುವಾಗ ಕಾಳು ಕಣ್ಣಿಗಿ ಕಾಣಬಾರದು, ಬೆಳಕಷ್ಟೇ ಕಾಣಬೇಕು. ಡ್ಯಾಶ್‌ಬೋರ್ಡಿನ ಕೆಳ ಅಂಚಿನ ಹಿಂದ, ಮುಖ ಗಾಡಿ ಮುಂದಿನ ಗ್ವಾಡಿ ಕಡಿ. ಗ್ಲಾಸಿನ್ಯಾಗ ಮೊಣಕಾಲು ಕಾಣೋದು ಆಗ ನಿಲ್ತದ.

ಶಹಾಪುರ_ಡ್ರೈವರ್, ಯಾದಗಿರಿ

82 ಓಮ್ ಹಾಕಿ ಹಿಂಗ ಮುಖ ತಿರುಗಿಸಿದ್ರ ನನ್ನ ತಕರಾರಿಲ್ಲ. ಆದ್ರೂ ಡ್ರೈವರ್ ಕಡಿಂದಕ್ಕ ಒಂದು ಸ್ವಿಚ್ ಇಡ್ರಿ. ಮಳೆಗಾಲದ ರಾತ್ರಿ ಅದೂ ಬ್ಯಾಡ ಅನ್ನಿಸ್ತದ.

ಜಗತ್_ಸರ್ಕಲ್_ಅಕ್ಕ, ಕಲಬುರಗಿ

ಮಾಸ್ತರ್ರೆ, ಹಿಂದಿನ ಸೀಟಿನವರಿಗಿ ಪಟ್ಟಿ ಎಲ್ಲಿ ಕೂಡಸೋದು? ನಮ್ಮದರಾಗ ಮುಂದಿನ ಸೀಟಿನ ಕೆಳಗ ಹಚ್ಯಾರ, ಸೀಟ್ ಸರಿಸಿದಾಗೆಲ್ಲಾ ಹಿಂದಿಂದು ಆರಿ ಆರಿ ಹತ್ತುತ್ತದ.

ಮಲ್ಟಿಮೀಟರ್_ಮಾಸ್ತರ, ಕಲಬುರಗಿ

ಜಾಗ ಸರಿ ಅದ ಅಕ್ಕಾರ, ವಾಯರ್ ಗಿಡ್ಡ ಆಗ್ಯಾದ. ಸೀಟಿನ ಜೊತಿಗಿ ಎಳೆದಾಡಿ ಎಲ್ಲೋ ಒಳಗ ಎಳಿ ಕಡಿದಿರ್ತದ, ಸಿಪ್ಪಿ ಮಾತ್ರ ಕೂಡಿರ್ತದ, ಅದಕ್ಕ ಆರಿ ಹತ್ತುತ್ತದ. ಆ ತುಂಡು ಪೂರಾ ಬದಲ್ಸಿರಿ, ಜೋಡಿಸಬ್ಯಾಡ್ರಿ. ಬಹಳ ಎಳಿ ಇರೋ ಮೆತ್ತಗಿನ ವಾಯರ್, 0.5 ಚದರ ಮಿಲಿಮೀಟರಿನದು ತಗೊಳ್ರಿ. ಸೀಟ್ ಪೂರಾ ಮುಂದ ತಂದು ಉದ್ದ ಅಳೀರಿ, ಮ್ಯಾಲ ಒಂದು ಗೇಣು ಹೆಚ್ಚು ಬಿಡ್ರಿ. ಹಳಿ ಮ್ಯಾಲ ವಾಯರ್ ಬೀಳದಂಗ ಸೀಟಿನ ನಡುವಿನ ಕಡಿಂದ ತರ್ರಿ. ಸೀಟಿನ ಕೆಳಗ ಹಳದಿ ಕನೆಕ್ಟರ್ ಇದ್ರ ಅದಕ್ಕ ಟೈ ಕಟ್ಟಬ್ಯಾಡ್ರಿ. ಸೀಟ್ ಪೂರಾ ಹಿಂದ, ಪೂರಾ ಮುಂದ ಸರಿಸಿ, ಒಬ್ಬರನ್ನ ಕೂಡ್ಸಿ ನೋಡಿದ ಮ್ಯಾಲೇ ಕೊನೇ ಟೈ ಬಿಗೀರಿ.

ನೌಬಾದ್‌ವಾಲಾ, ಬೀದರ

ಸರ್, 82 ಓಮ್ ಇಲ್ಲಿ ಸಿಗ್ಲಿಲ್ಲ. 100 ಇದ್ದಾವ.

ಮಲ್ಟಿಮೀಟರ್_ಮಾಸ್ತರ, ಕಲಬುರಗಿ

100 ನಡೀತದ, ಇನ್ನೊಂದು ಚೂರು ಸಣ್ಣಗ ಉರೀತದ. 1 ವ್ಯಾಟ್ ಇರ್ಲಿ.